ಕ್ರೂಸ್ ಹಾಕಿದರೆ ಮಂಡಿ ನೋವು ಹೋಗುವುದಿಲ್ಲ ಅಪ್ಪ

ಪರ್ತ್
ಆಗಸ್ಟ್ 12

ಅಪ್ಪ, ಅವ್ವನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ.

ನಿಮ್ಮ ಪತ್ರ ಮೊನ್ನೆ ಸಿಕ್ಕಿತು. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ್ದು, ನಾಯಿ ಮರಿ ಹಾಕಿದ್ದು, ಮೆಣಸಿನ ಬಳ್ಳಿಗೆ ಬೋರ್ಡೋ ಮದ್ದು ಹೊಡೆಯಲು ಮಳೆ ಬಿಡುವು ಕೊಡದಿರುವುದು ಎಲ್ಲ ಓದಿದೆ. ಕೊನೆಯ ಪುಟದಲ್ಲಿ ಮಾತ್ರ ಒಂದು ಸಾಲು ಸುಮ್ನೆ ತುರುಕಿದ್ದೀರಿ. ಬಲ ಮಂಡಿ ಸ್ವಲ್ಪ ಹಿಡಿಯುತ್ತದಂತೆ. ಹೊಸ ಕಾರಿನಲ್ಲಿ ಕ್ರೂಸ್ ಇದೆಯಂತೆ, ಕಾಲು ಒತ್ತದೆಯೇ ಗಾಡಿಯನ್ನು ಇಟ್ಟ ವೇಗದಲ್ಲೇ ಓಡಿಸುವ ಸ್ವಿಚ್ಚು. ಅದನ್ನು ಹಾಕಿಕೊಂಡು ಕುಶಾಲನಗರದಿಂದ ಕಾಲು ಚಾಚಿಕೊಂಡು ಬಂದಿರಂತೆ.

ಆನೆಕಾಡಿನ ರಸ್ತೆಯಲ್ಲಾ ಅಪ್ಪ? ಈ ಮಳೆಯಲ್ಲಾ?

ಬೈಯಲು ಬರೆಯುತ್ತಿಲ್ಲ. ಆ ಸ್ವಿಚ್ಚಿನ ಹುಚ್ಚು ಹಿಡಿಸಿದವಳೇ ನಾನು. ಕಳೆದ ವರ್ಷ ಇಲ್ಲಿನ ನಲ್ಲರ್ಬಾರ್ ಬಯಲು ದಾಟಿ ಬಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆನಲ್ಲ. 146 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲದ ರಸ್ತೆ. ಮಡಿಕೇರಿಯಿಂದ ಮೈಸೂರಿಗಿಂತ ಜಾಸ್ತಿ ದೂರ, ಅದೂ ಗೆರೆ ಎಳೆದ ಹಾಗೆ. ಆ ಹೆದ್ದಾರಿಯಲ್ಲಿ ಕೆಲವು ಕಡೆ ರಸ್ತೆಯ ಮೇಲೇ ವಿಮಾನ ಇಳಿಯುವ ಜಾಗ ಗುರುತು ಮಾಡಿದ್ದಾರೆ. ದೂರದ ಊರಿನವರಿಗೆ ಕಾಯಿಲೆ ಆದರೆ ಡಾಕ್ಟರು ವಿಮಾನದಲ್ಲೇ ಬರುತ್ತಾರೆ! ಒಂಟೆ, ಕಾಂಗರೂ ಅಡ್ಡ ಬರುತ್ತವೆ ಅಂತ ಬೋರ್ಡು ಬೇರೆ. ನಮ್ಮಲ್ಲಿ ಆನೆಗೆ ಹಾಕುತ್ತಾರಲ್ಲ, ಹಾಗೆ. ಅಂಥ ಕಡೆ 110ಕ್ಕೆ ಕ್ರೂಸ್ ಇಟ್ಟರೆ ಕಾಲಿಗೆ ನಿಜವಾಗಲೂ ಆರಾಮ. ಆದರೆ ಅರ್ಧ ಗಂಟೆಗೇ ಕಣ್ಣು ಎಳೆಯತೊಡಗುತ್ತದೆ. ನಾವು ಎರಡು ಗಂಟೆಗೊಮ್ಮೆ ನಿಲ್ಲಿಸಿ ಕಾಫಿ ಕುಡಿದೆವು. ಇಲ್ಲಿನ ಕಾಫಿ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಓದಿ ಹೇಳುವಾಗ ಇದನ್ನು ಬಿಟ್ಟುಬಿಡಿ. ಜೂನ್‌ನಲ್ಲಿ ನೈಟ್ ಡ್ಯೂಟಿ ಮುಗಿಸಿ ಬರುತ್ತಿದ್ದೆ. ಇಲ್ಲಿ ಆಗ ಮಳೆಗಾಲ. ನೂರಕ್ಕೆ ಕ್ರೂಸ್ ಹಾಕಿದ್ದೆ. ರಸ್ತೆ ತಗ್ಗಿನಲ್ಲಿ ನೀರು ನಿಂತಿದ್ದು ಕಾಣಲಿಲ್ಲ. ಇದ್ದಕ್ಕಿದ್ದಂತೆ ಸ್ಟೀರಿಂಗ್ ಹಗುರವಾಯಿತು, ಕೈಯಲ್ಲಿ ಏನೂ ಇಲ್ಲದ ಹಾಗೆ. ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತಿತ್ತು. ನಾನೇ ಆಕ್ಸಿಲರೇಟರ್ ಒತ್ತಿದ್ದರೆ ಹೆದರಿಕೆಗೇ ಕಾಲು ಎತ್ತುತ್ತಿದ್ದೆ. ಕ್ರೂಸ್‌ಗೆ ಹೆದರಿಕೆ ಎಲ್ಲಿಯದು? ಅದು ನೂರು ಕಾಯ್ದುಕೊಳ್ಳಲು ಇಂಜಿನ್ ತಳ್ಳುತ್ತಲೇ ಇತ್ತು. ಕ್ಯಾನ್ಸಲ್ ಗುಂಡಿ ಒತ್ತಿ ಸ್ಟೀರಿಂಗ್ ನೇರ ಹಿಡಿದೆ. ಬ್ರೇಕ್ ಒತ್ತಿದ್ದರೆ ಗಾಡಿ ತಿರುಗಿಬಿಡುತ್ತಿತ್ತೋ ಏನೋ. ನನಗೇನೂ ಆಗಲಿಲ್ಲ. ಕಾರಿಗೂ ಏನೂ ಆಗಲಿಲ್ಲ. ಚಕ್ರ ಜಾರಿದರೆ ಕೆಲವು ಕಾರುಗಳಲ್ಲಿ ಕ್ರೂಸ್ ತಾನೇ ಬಿಟ್ಟುಹೋಗುತ್ತದೆ, ನಿಜ. ನಮ್ಮ ಘಟ್ಟದಲ್ಲಿ ಅದನ್ನು ನಂಬಿಕೊಂಡು ಕೂರುವುದಾ?

ಇಳಿಜಾರಿನ ಕತೆ ಬೇರೆ. ನಿಮ್ಮದು ಸಾದಾ ಕ್ರೂಸ್ ಅಂತ ಪೊನ್ನು ಹೇಳಿದ. ಅದು ಇಂಜಿನ್ ನೋಡಿಕೊಳ್ಳುತ್ತದೆ, ಬ್ರೇಕ್ ಹಾಕುವುದಿಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ನೀವು 50 ಇಟ್ಟರೂ ಗಾಡಿ ತನ್ನ ಭಾರಕ್ಕೆ 70 ಹೋಗುತ್ತದೆ. ಅಲ್ಲಿ ಗೇರ್ ಇಳಿಸಿ ಬರಬೇಕು, ನೀವೇ ನನಗೆ ಜೀಪಿನಲ್ಲಿ ಕಲಿಸಿದ ಹಾಗೆ. ಮುಂದಿನ ಗಾಡಿ ನೋಡಿ ತಾನೇ ನಿಧಾನ ಮಾಡುವ ದುಬಾರಿ ಕ್ರೂಸ್ ಕೂಡ ತಿರುವಿನಲ್ಲಿ ಮುಂದಿನ ಗಾಡಿಯ ಜಾಡು ತಪ್ಪಿಸಿಕೊಳ್ಳುತ್ತದೆ. ಜೋರು ಮಳೆ, ಮಂಜಿನಲ್ಲಿ ಅದಕ್ಕೂ ಕಣ್ಣು ಮಂಜು.

ರೆಸ್ಯೂಮ್ ಗುಂಡಿ ಅಂತೂ ಮುಟ್ಟಲೇಬೇಡಿ. ಹೆದ್ದಾರಿಯಲ್ಲಿ 90 ಇಟ್ಟಿದ್ದು ಅದಕ್ಕೆ ನೆನಪಿರುತ್ತದೆ. ಸುಂಟಿಕೊಪ್ಪ ಪೇಟೆಯಲ್ಲಿ ಒತ್ತಿದಿರೋ, ಮತ್ತೆ 90ಕ್ಕೆ ಓಡಲು ನೋಡುತ್ತದೆ.

ಈ ಕ್ರೂಸ್ ಕಂಡುಹಿಡಿದವನು ಕುರುಡ, ಗೊತ್ತಾ? ಅಮೆರಿಕದ ರಾಲ್ಫ್ ಟೀಟರ್. ಐದು ವರ್ಷಕ್ಕೇ ಕಣ್ಣು ಹೋಗಿತ್ತು. ಅವನ ವಕೀಲ ಕಾರು ಓಡಿಸುತ್ತಾ ತಾನು ಮಾತಾಡುವಾಗ ನಿಧಾನ, ಇವನ ಮಾತು ಕೇಳುವಾಗ ಜೋರು ಮಾಡುತ್ತಿದ್ದನಂತೆ. ಆ ಎಳೆದಾಟ ತಡೆಯದೆ ಇದನ್ನು ಮಾಡಿದ ಅಂತ ಕತೆ. 1950ರಲ್ಲಿ ಪೇಟೆಂಟ್, 1958ರಲ್ಲಿ ಕ್ರೈಸ್ಲರ್ ಕಾರಿಗೆ ಬಂತು. ದೊಡ್ಡಪ್ಪ ಗಾಡಿ ಓಡಿಸುವಾಗಲೂ ಆ ವಕೀಲನ ಹಾಗೇ ಅಲ್ವಾ!

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. ಕ್ರೂಸ್ ಅಲ್ಲ, ಮಂಡಿ. ಆಕ್ಸಿಲರೇಟರ್ ಒತ್ತುವ ಕಾಲೇ ಬ್ರೇಕನ್ನೂ ಒತ್ತಬೇಕು. ಕಾಲು ಚಾಚಿ ಕೂತಿದ್ದಾಗ ತೋಟದಿಂದ ಒಂದು ಆನೆ ರಸ್ತೆಗೆ ಇಳಿದರೆ, ಹಿಡಿದುಕೊಂಡ ಮಂಡಿ ಮಡಚಿ ಬ್ರೇಕಿಗೆ ಬರುವಷ್ಟರಲ್ಲಿ ಏನಾಗುತ್ತದೆ? ನೋವಿದೆ ಅಂತ ಕ್ರೂಸ್ ಹಾಕಿದಿರಿ. ನೋವಿದ್ದರೆ ಸ್ಟೀರಿಂಗ್ ಹಿಡಿಯಲೇಬಾರದಿತ್ತು.

ಪೊನ್ನು ಜೊತೆ ಮೈಸೂರಿಗೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿ. ಕಾರು ಅವನೇ ಓಡಿಸಲಿ. ದುಡ್ಡು ಸೋಮವಾರ ಹಾಕುತ್ತೇನೆ, ಬೇಡ ಅನ್ನಬೇಡಿ. ಮಂಡಿ ಸರಿಯಾದ ಮೇಲೆ, ಮಳೆ ಇಲ್ಲದ ಹಗಲಲ್ಲಿ, ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗಾಡಿ ಕಡಿಮೆ ಇದ್ದರೆ ಹಾಕಿಕೊಳ್ಳಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ ಬಿಡುತ್ತಿಲ್ಲ. ಆಗಲೂ ಕಾಲು ಬ್ರೇಕಿನ ಹತ್ತಿರವೇ ಇರಲಿ.

ನನ್ನ ಬಗ್ಗೆ ಯೋಚನೆ ಬೇಡ. ಹೊಸ ಟೈರು ಹಾಕಿಸಿದ್ದೇನೆ, ನಾಲ್ಕೂ. ಮಳೆಯಲ್ಲಿ ಕ್ರೂಸ್ ಮುಟ್ಟುವುದೇ ಇಲ್ಲ. ಚೆನ್ನಾಗಿ ನಿದ್ದೆ ಮಾಡುತ್ತೇನೆ, ಊಟ ಮಾಡುತ್ತೇನೆ, ತೂಕವೂ ಜಾಸ್ತಿ ಆಗಿದೆ. ಪುತ್ತರಿ ಹಬ್ಬಕ್ಕೆ ಬಂದೇ ಬರುತ್ತೇನೆ.

ಡ್ಯೂಟಿಗೆ ಹೊತ್ತಾಯಿತು. ಬ್ರೇಕ್ ಒತ್ತುವಾಗ ನೋವು ಬರುತ್ತದೋ ಇಲ್ಲವೋ, ಅದಷ್ಟು ನಿಜ ಬರೆಯಿರಿ. ಉಳಿದದ್ದು ಆಮೇಲೆ.

ನಿಮ್ಮ
ಪಮ್ಮಿ

ಅಡುಗೆಯ ಹುಳಿ, ಆ ಕಾಚಂಪುಳಿ ಕಳಿಸಬೇಡಿ ಅಂತ ಅವ್ವನಿಗೆ ಹೇಳಿ. ಹೋದ ಸಲದ್ದು ಸೋರಿ ಸೀರೆಯೆಲ್ಲ ಕಪ್ಪಾಗಿತ್ತು.