ಚೆಸ್ ಮತ್ತು ನೆನಪಿನ ಶಕ್ತಿ: ಪೋಷಕರಿಗೆ ನಿಜ ತಿಳಿಸಿ

ಮಾನ್ಯ ಸಂಪಾದಕರೇ,

2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಶಿವಮೊಗ್ಗದಲ್ಲೂ ಚೆಸ್ ಕಲಿಯಲು ಬರುವ ಮಕ್ಕಳು ಜಾಸ್ತಿಯಾಗಿದ್ದಾರೆ. ಚೆಸ್ ಕಲಿಸುವ ನನಗೆ ಇದು ತುಂಬಾ ಸಂತೋಷ. ಆದರೆ ಅಪ್ಪ ಅಮ್ಮಂದಿರು ಮೊದಲು ಕೇಳುವುದು, ‘ಇದರಿಂದ ನೆನಪಿನ ಶಕ್ತಿ ಹೆಚ್ಚುತ್ತಾ?’ ಅಂತ. ಹೆಚ್ಚುತ್ತದೆ ಎನ್ನುವ ಜಾಹೀರಾತುಗಳಿಗೂ ಕೊರತೆಯಿಲ್ಲ. ನಂಬಿ ದುಡ್ಡು ಕಟ್ಟುವವರಿಗೆ ನಿಜ ಗೊತ್ತಾಗಬೇಕು.

1973ರಲ್ಲಿ ಅಮೆರಿಕದ ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ನಡುವಿನ ಬೋರ್ಡನ್ನು 5 ಸೆಕೆಂಡ್ ತೋರಿಸಿ, ಮುಚ್ಚಿ, ಕಾಯಿಗಳನ್ನು ಮತ್ತೆ ಜೋಡಿಸಿ ಅಂದರು. ಸುಮಾರು 25 ಕಾಯಿಗಳಲ್ಲಿ ಮಾಸ್ಟರ್ (ಚೆನ್ನಾಗಿ ಪಳಗಿದ ಆಟಗಾರ) 16ರಷ್ಟನ್ನು ಸರಿಯಾಗಿ ಇಟ್ಟರು. ಹೊಸಬರಿಗೆ ಆಗಿದ್ದು 4. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಮಾಸ್ಟರ್ ಕೂಡ ಹೊಸಬರ ಮಟ್ಟಕ್ಕೇ ಇಳಿದರು! ನೆನಪಿನ ಶಕ್ತಿಯೇ ದೊಡ್ಡದಿದ್ದರೆ ಹೀಗೆ ಆಗಬಾರದಿತ್ತು, ಅಲ್ವಾ? (ಮುಂದಿನ ಪ್ರಯೋಗಗಳಲ್ಲಿ ಮಾಸ್ಟರ್‌ಗಳಿಗೆ ಇಲ್ಲೂ ಚೂರು ಮೇಲುಗೈ ಕಂಡಿತು, ಆದರೆ ಚೂರೇ.)

ಮಾಸ್ಟರ್‌ಗೆ ನೆನಪಿರುವುದು ಬಿಡಿ ಕಾಯಿಗಳಲ್ಲ, ಪರಿಚಿತ ಜೋಡಣೆಗಳು. ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವುದು) ಆದ ರಾಜ, ಪಕ್ಕದಲ್ಲಿ ಆನೆ, ಮುಂದೆ ಮೂರು ಪದಾತಿ, ಕಾವಲಿಗೆ ಕುದುರೆ: ಮಾಸ್ಟರ್ ಕಣ್ಣಿಗೆ ಇದೆಲ್ಲ ಸೇರಿ ಒಂದೇ ಚಿತ್ರ. ನಾವು ಊರಿನ ಹೆಸರನ್ನು ಅಕ್ಷರ ಕೂಡಿಸದೆ ಓದುತ್ತೇವಲ್ಲ, ಹಾಗೆ. ಇದಕ್ಕೂ ಮೊದಲು, ಸ್ವತಃ ಚೆಸ್ ಒಲಿಂಪಿಯಾಡ್ ಆಡಿದ್ದ ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ದೊಡ್ಡ ಆಟಗಾರರಿಗೆ ಬೋರ್ಡ್ ತೋರಿಸಿ, ಯೋಚಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದ್ದರು. ಗ್ರ್ಯಾಂಡ್‌ಮಾಸ್ಟರ್‌ಗಳು, ಅಂದರೆ ಅತಿ ಮೇಲಿನ ಮಟ್ಟದ ಆಟಗಾರರು, ಒಳ್ಳೆಯ ಕ್ಲಬ್ ಆಟಗಾರರಿಗಿಂತ ಅಷ್ಟೇನೂ ಹೆಚ್ಚು ಮುಂದಕ್ಕೆ ಲೆಕ್ಕ ಹಾಕುತ್ತಿರಲಿಲ್ಲ. ಒಳ್ಳೆಯ ನಡೆ ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು.

ಈ ನೋಟ ವರ್ಷಗಟ್ಟಲೆ ಆಡಿ, ಸೋತ ಆಟಗಳನ್ನು ಮತ್ತೆ ಮತ್ತೆ ಬಿಡಿಸಿ ನೋಡಿ ಬರುವಂಥದ್ದು. ಅದು ಚೆಸ್ ಬೋರ್ಡಿಗೆ ಸೇರಿದ್ದು. ನನ್ನ ತರಗತಿಯ ಒಬ್ಬ ಹುಡುಗಿ ತಾನಾಡಿದ ಆಟವನ್ನು ಮನೆಗೆ ಹೋಗಿ ಪೂರ್ತಿ ಬರೆದು ತರುತ್ತಾಳೆ. ಮಗ್ಗಿ ಹೇಳಲು ತಡವರಿಸುತ್ತಾಳೆ. ‘ಏನೂ ಉಪಯೋಗ ಆಗಲಿಲ್ಲ’ ಎಂದು ತಾಯಿ ಚೆಸ್ ಬಿಡಿಸುವ ಯೋಚನೆಯಲ್ಲಿದ್ದಾರೆ. ಅಷ್ಟು ಚೆನ್ನಾಗಿ ಆಡುವ ಮಗು! ನನಗೆ ತುಂಬಾ ನೋವಾಗುತ್ತಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ವಾರಕ್ಕೊಂದು ಚೆಸ್ ಬೋರ್ಡಿನ ಚಿತ್ರ ಹಾಕಿ, ‘ಬಿಳಿಯ ಮುಂದಿನ ನಡೆ ಯಾವುದು?’ ಎಂದು ಕೇಳಿ. ಆ ನಡೆ ಯಾಕೆ ಸರಿ ಅನ್ನುವುದನ್ನು ಕನ್ನಡದಲ್ಲೇ ಬಿಡಿಸಿ ಹೇಳಿ. ಚಿತ್ರಗಳನ್ನು ಆರಿಸಿ ಕಳಿಸಲು ನಾನು ಸಿದ್ಧ.

– ಚೆಸ್ ತರಬೇತುದಾರರು, ಶಿವಮೊಗ್ಗ