ನಾಸಿಕದ ದ್ರಾಕ್ಷಿ ತೋಟಕ್ಕೆ ಹೊರಟ ಗೆಳೆಯನಿಗೆ

ದೋಸ್ತ,

ನಾಸಿಕದ ವೈನ್ ತೋಟದಲ್ಲಿ ಎರಡು ರಾತ್ರಿ ಉಳಿಯಬೇಕು, ಯಾವಾಗ ಹೋಗಲಿ, ಏನು ನೋಡಲಿ ಎಂದು ಕೇಳಿದ್ದೀಯ. ಇದನ್ನೇ ಇನ್ನೂ ಕೆಲವರು ಕೇಳಿದ್ದರಿಂದ ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಮನಮಾಡ ಸ್ಟೇಷನ್ನಿನ ಛತ್ರಿಯ ಸುದ್ದಿ ಇಲ್ಲಿ ಎತ್ತುವುದಿಲ್ಲ, ನಿಶ್ಚಿಂತೆಯಿಂದ ಓದು.

ಕೋಣೆ ಖಾಲಿ ಇದೆಯೇ ಎಂದು ನೋಡುವ ಮೊದಲು ಬಳ್ಳಿಯ ಪಂಚಾಂಗ ನೋಡು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೊಮ್ಮೆ ಕತ್ತರಿ ಆಡಿಸಿದರೆ ಸಾಕು. ನಮ್ಮ ದಖ್ಖನಿನಲ್ಲಿ ಅದಕ್ಕೆ ಆ ನಿದ್ದೆ ಇಲ್ಲ. ಅದಕ್ಕೇ ಎರಡು ಚಾಟನಿ (ಬಳ್ಳಿಯ ಕಡ್ಡಿ ಕತ್ತರಿಸುವುದು), ಒಂದು ಬೆಳೆ. ಏಪ್ರಿಲ್ ಚಾಟನಿಯಲ್ಲಿ ಬಳ್ಳಿಯನ್ನು ತೋಳಿನವರೆಗೆ ಬೋಳಿಸುತ್ತಾರೆ. ಆಮೇಲೆ ಬರುವ ಹೊಸ ಕಡ್ಡಿಯ ಕಣ್ಣಿನೊಳಗೆ, ಅಂದರೆ ಚಿಗುರೊಡೆಯುವ ಮೊಗ್ಗಿನೊಳಗೆ, ಇನ್ನೂ ಬೇಸಿಗೆ ಇರುವಾಗಲೇ, ಮುಂದಿನ ವರ್ಷದ ಗೊನೆ ತಯಾರಾಗಿರುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಚಾಟನಿ ಆ ಕಣ್ಣನ್ನು ತೆರೆಸುತ್ತದೆ. ಅಲ್ಲಿಂದ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲು.

ಹೀಗಾಗಿ ಏಪ್ರಿಲ್ ಕೊನೆಗೆ ಹೋದವರಿಗೆ ಸಿಗುವುದು ತಂತಿ, ಕಂಬ, ಬೋಳು ಬೊಡ್ಡೆ. ಮಳೆಗಾಲದಲ್ಲಿ ಗಂಗಾಪುರ ಅಣೆಕಟ್ಟಿನ ಸುತ್ತ ಗುಡ್ಡವೆಲ್ಲ ಹಸಿರು, ಆದರೆ ಬಳ್ಳಿಯಲ್ಲಿ ಒಂದು ಕಾಯಿಯೂ ಇರದು. ನೀನು ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದೊಳಗೆ ಹೋಗು. ಮೊದಲು ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್‌ನಂಥ ಬಿಳಿ ತಳಿಗಳು, ಆಮೇಲೆ ಶಿರಾಜ್, ಕ್ಯಾಬರ್ನೆಯಂಥ ಕೆಂಪು ತಳಿಗಳು ಕೊಯ್ಲಿಗೆ ಬರುತ್ತವೆ. ಜನವರಿ 26 ಮಾತ್ರ ತಪ್ಪಿಸು. ಅಂದು ಮದ್ಯ ಮಾರಾಟವಿಲ್ಲ, ತೋಟದಲ್ಲಿಯೂ ಬಾಟಲಿ ತೆರೆಯುವುದಿಲ್ಲ. ಚಳಿಯನ್ನು ಹಗುರಾಗಿ ಎಣಿಸಬೇಡ. ನಾಸಿಕದ ಹತ್ತಿರದ ನಿಫಾಡ ಕಡೆ ಜನವರಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ. ನಮ್ಮ ವೈನಿಗೆ, ಅಂದರೆ ನಿನ್ನ ಹೆಂಡತಿಗೆ, ಶಾಲು, ನಿನಗೆ ಸ್ವೆಟರ್, ಇಬ್ಬರಿಗೂ ಕಾಲುಚೀಲ.

ಅಕ್ಟೋಬರಿನಲ್ಲೇ ಹೋಗಬೇಕಾಗಿ ಬಂದರೆ ಒಂದು ಮಾತು ನೆನಪಿರಲಿ. ಚಾಟನಿ ಆದೊಡನೆ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಕಡ್ಡಿಗಳಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ರೈತರ ಬಾಯಲ್ಲಿ ಅದು ಡಾರ್ಮೆಕ್ಸ್. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದರ ಸಂಪರ್ಕ ಆದವರು ಕೆಲವು ದಿನಗಳವರೆಗೆ ಮದ್ಯ ಮುಟ್ಟಬಾರದು. ಮುಟ್ಟಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಆಸ್ಪತ್ರೆ ಸೇರಬೇಕಾದೀತು. ಬೆಳಿಗ್ಗೆ ಕಡ್ಡಿ ಹಿಡಿದು ಫೋಟೊ, ಸಂಜೆ ಗ್ಲಾಸ್ ಹಿಡಿದು ಫೋಟೊ ಎನ್ನುವ ಅತಿಥಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹಚ್ಚಿದ್ದಾರೆಯೇ ಎಂದು ಮೊದಲು ಕೇಳು.

ಕೋಣೆ ಕಾಯ್ದಿರಿಸುವಾಗ ಈಜುಕೊಳ ಇದೆಯೇ ಎನ್ನುವುದಕ್ಕಿಂತ, ಕಿಟಕಿಯಿಂದ ಮೊದಲ ಸಾಲು ಎಷ್ಟು ದೂರ ಎಂದು ವಿಚಾರಿಸು. ಎಣ್ಣೆ, ಅಂದರೆ ಬೆಳೆಯ ಔಷಧಿ, ಸಿಂಪಡಿಸುವ ಟ್ರ್ಯಾಕ್ಟರ್ ಗಾಳಿ ನಿಂತಿರುವ ಹೊತ್ತು ನೋಡಿ ಹೊರಡುತ್ತದೆ, ಅಂದರೆ ನಸುಕಿನಲ್ಲಿ ಇಲ್ಲವೇ ಸಂಜೆ. ಹೂವಿನ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಡೌನಿ ಎಂಬ ಬೂಷ್ಟು ರೋಗ ಬರುತ್ತದೆ, ಮೋಡ ಕವಿದು ನಿಂತರೆ ಬೂದಿ ರೋಗ. ಅಂಥ ವಾರದಲ್ಲಿ ಬ್ಲೋವರ್ ಸದ್ದು ತಪ್ಪಿದ್ದಲ್ಲ. ಆಗ ಕಿಟಕಿ ಮುಚ್ಚು, ಹೊರಗೆ ಒಣಹಾಕಿದ ಟವೆಲ್ ಒಳಗೆ ತಾ.

ಹಣ್ಣು ಕಂಡ ತಕ್ಷಣ ಕಿತ್ತು ಬಾಯಿಗೆ ಹಾಕಿಕೊಳ್ಳಬೇಡ. ಕಾಯಿಯ ಮೇಲಿನ ಬಿಳಿ ಪುಡಿ ಅದರದೇ ಮೇಣ, ಅದಕ್ಕೆ ಹೆದರಬೇಕಿಲ್ಲ. ನೀಲಿ-ಹಸಿರು ಚುಕ್ಕೆ ಮೈಲುತುತ್ತದ್ದು. ಕಣ್ಣಿಗೆ ಕಾಣದ ಔಷಧಿಗಳೂ ಇರುತ್ತವೆ. ಒಂದೊಂದನ್ನೂ ಹೊಡೆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕೆಂಬ ಲೆಕ್ಕವಿದೆ. ಆ ಸಾಲಿನ ಲೆಕ್ಕ ಮುಗಿದಿದೆಯೋ ಇಲ್ಲವೋ ಮೇಸ್ತ್ರಿಗೆ ಗೊತ್ತು. ಕೇಳಿದರೆ ಅವನೇ ಕಿತ್ತು ಕೊಡುತ್ತಾನೆ. ತಿಂದು ನೋಡು: ಸಣ್ಣ ಕಾಯಿ, ದಪ್ಪ ಸಿಪ್ಪೆ, ಬೀಜ, ಆದರೆ ತಿನ್ನುವ ದ್ರಾಕ್ಷಿಗಿಂತ ಎಷ್ಟೋ ಸಿಹಿ. ತಿನ್ನುವ ಹಣ್ಣನ್ನು 17-18 ಬ್ರಿಕ್ಸ್ (ರಸದ ಸಿಹಿಯ ಅಳತೆ) ಬಂದರೆ ಕೊಯ್ದುಬಿಡುತ್ತಾರೆ. ವೈನ್ ಹಣ್ಣು 22-24ರವರೆಗೆ ಬಳ್ಳಿಯಲ್ಲೇ ಇರಬೇಕು.

ಏಳುವುದಾದರೆ ಬೆಳಕು ಹರಿಯುವಷ್ಟರಲ್ಲಿ ಏಳು. ಕೊಯ್ಲು ಬಿಸಿಲೇರುವ ಮುಂಚೆಯೇ ಮುಗಿಯಬೇಕು. ಬಿಸಿಯಾದ ಹಣ್ಣು ಕ್ರೇಟಿನ ತಳದಲ್ಲಿ ಜಜ್ಜಿ, ರಸ ಸೋರಿ, ದಾರಿಯಲ್ಲೇ ಹುದುಗತೊಡಗುತ್ತದೆ. ಬಿಳಿ ವೈನಿನ ಸುವಾಸನೆ ಅಲ್ಲಿಗೇ ಕೆಟ್ಟಂತೆ. ಟ್ಯಾಂಕುಗಳ ಕೋಣೆಗೆ ಕರೆದರೆ ಹೋಗು, ಆದರೆ ಹುದುಗುತ್ತಿರುವ ಟ್ಯಾಂಕಿನ ಬಾಯಿಗೆ ತಲೆ ಹಾಕಬೇಡ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಕಟ್ಟಿ ನಿಂತಿರುತ್ತದೆ, ಒಂದೆರಡು ಉಸಿರಿಗೆ ತಲೆ ಸುತ್ತುತ್ತದೆ. ರುಚಿ ನೋಡುವುದನ್ನು ನಾಷ್ಟಾ ಆದ ಮೇಲೆ ಇಟ್ಟುಕೋ. ನಾಸಿಕದ ಮಿಸಳ್ ತಿಂದ ಮೇಲಂತೂ ಒಂದು ತಾಸು ಬಿಡು, ಖಾರ ನಾಲಿಗೆಯ ಮೇಲೆ ಇರುವವರೆಗೆ ಯಾವ ವೈನಾದರೂ ಕಹಿಯೇ.

ಸಾಲುಗಳ ನಡುವೆ ಕೊಯ್ಯುವ ಹೆಂಗಸರು ಕಾಣುತ್ತಾರೆ. ತಲೆಗೆ ಬಟ್ಟೆ ಸುತ್ತಿ, ಕತ್ತರಿ ಹಿಡಿದು, ಗೊನೆಯ ತೊಟ್ಟನ್ನು ಮಾತ್ರ ಮುಟ್ಟುತ್ತಾ ಹೋಗುತ್ತಾರೆ. ಕೇಳದೆ ಅವರ ಫೋಟೊ ತೆಗೆಯಬೇಡ. ನೀನು ಒಂದು ರಾತ್ರಿಗೆ ಕೊಡುವ ಬಾಡಿಗೆ ಅವರ ಹಲವು ದಿನಗಳ ಕೂಲಿ. ಈಚೆಗೆ ನನ್ನನ್ನು ಬಿಡದೆ ಕಾಡುತ್ತಿರುವುದು ಇದೇ. ನಾಸಿಕದ ವೈನ್ ಕಂಪನಿ ಸುಲಾದ ಮೊದಲ ವೈನ್ ಬಂದದ್ದು 2000ದಲ್ಲಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ವೈನಿಗೆಂದೇ ನೀತಿ ತಂದಿತು. ಈಗ ಆ ತೋಟ ನೋಡಲೆಂದೇ ಜನ ಬರುತ್ತಾರೆ, ಮಲಗಿ ಏಳುತ್ತಾರೆ. ನಮ್ಮ ಕರ್ನಾಟಕದಲ್ಲೂ 2007ರಲ್ಲಿ ವೈನ್ ನೀತಿ ಬಂತು. ಆದರೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಪಡದಲ್ಲಿ (ತೋಟದಲ್ಲಿ) ಒಂದು ರಾತ್ರಿ ಇರುತ್ತೇನೆ ಎಂದು ಯಾರೂ ಕೇಳಿಲ್ಲ, ನಾವೂ ಯಾರನ್ನೂ ಕರೆದಿಲ್ಲ. ನಿನ್ನನ್ನೂ ಕರೆದಿಲ್ಲ. ಇಷ್ಟು ವರ್ಷದ ಗೆಳೆತನದಲ್ಲಿ ನಮ್ಮ ಪಡಕ್ಕೆ ನಿನ್ನನ್ನು ಕರೆದೊಯ್ಯದೆ ಇದ್ದದ್ದಕ್ಕೆ ಪುರುಸೊತ್ತು ಇರಲಿಲ್ಲ ಅನ್ನುವುದು ಕಾರಣವಲ್ಲ. ತಗಡಿನ ಶೆಡ್ಡು, ಎಣ್ಣೆಯ ವಾಸನೆ, ಸಾಲದ ಮಾತು, ಇವೆಲ್ಲ ನಿನ್ನ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಅದೇ ಬಳ್ಳಿ, ಅದೇ ಚಾಟನಿ. ಅಲ್ಲಿಯದನ್ನು ಹಣ ಕೊಟ್ಟು ನೋಡು ಎಂದು ಇಷ್ಟು ಹುರುಪಿನಿಂದ ಬರೆಯುವ ಕೈಗೆ ಇಲ್ಲಿಯದನ್ನು ತೋರಿಸಲು ನಾಚಿಕೆ. ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಬರೆದಾಯಿತು, ಇರಲಿ.

ನಾಸಿಕ ನೋಡಿಕೊಂಡು ಬಾ, ಆಮೇಲೆ ಮಾರ್ಚಿನಲ್ಲಿ ಇಲ್ಲಿಗೂ ಬಾ. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಕಾಲ. 100 ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿ, ಗೊನೆಗಳನ್ನು ಎರಡು-ಮೂರು ನಿಮಿಷ ಅದ್ದಿ ತೆಗೆದು, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಹರವುತ್ತೇವೆ. ಹದಿನೈದು ದಿನ ಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಆ ಹೊತ್ತಿಗೆ ಮಳೆ ಹನಿಯಿತೋ, ಬಣ್ಣ ಕಪ್ಪಾಗಿ ದರ ಬಿದ್ದುಹೋಗುತ್ತದೆ. ಆದ್ದರಿಂದ ಛತ್ರಿ ತರುವವರಿಗೆ ಇಲ್ಲಿ ಪ್ರವೇಶವಿಲ್ಲ, ನಿನಗಂತೂ ಖಂಡಿತ ಇಲ್ಲ. ವೈನಿಗೆ ಹೇಳು, ಹಾಸಿಗೆ ಅವ್ವನ ಕೌದಿಯದು, ಬೆಳಿಗ್ಗೆ ನಾಷ್ಟಾಕ್ಕೆ ಸುಸಲಾ, ಮಿರ್ಚಿ. ದಿಂಬು ಮಾತ್ರ ನೀವೇ ತನ್ನಿ, ನಮ್ಮವು ಗಟ್ಟಿ.

ನಿನ್ನ ದೋಸ್ತ