ಹೆಸರು ಬರೆದುಕೊಂಡ ಪುಸ್ತಕ

ಮಾನ್ಯರೇ,

ಪ್ಯಾಲೆಸ್ತೀನಿನ ಪರವಾಗಿ ಸಲಿಂಗಿಗಳ ಕಾಮನಬಿಲ್ಲಿನ ಬಾವುಟ ಹಿಡಿದು ನಿಂತವರ ಬಗ್ಗೆ ಕಳೆದ ವಾರ ಓದುಗರೊಬ್ಬರು ಇಲ್ಲಿ ‘ಕುರಿ ಕಟುಕನನ್ನೇ ನಂಬಿತು’ ಎಂದು ಬರೆದಿದ್ದರು. ಗಾಜಾಕ್ಕೆ ಹೋದರೆ ಇವರ ಜೀವ ಉಳಿಯುವುದಿಲ್ಲ, ಇಂಥವರಿಗೆ ಆ ಭಾಗದಲ್ಲಿ ಇಸ್ರೇಲ್ ಒಂದೇ ಆಸರೆ ಎಂಬುದು ಅವರ ವಾದ. ನನಗೆ ಅರವತ್ತು ವರ್ಷ. ನಾನು ಸಲಿಂಗಿ. ಆ ಬಾವುಟದಡಿ ನಾನೂ ನಿಂತಿದ್ದೇನೆ.

1994ರಲ್ಲಿ ನಾನು ಬೆಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಒಂದು ಸಂಜೆ ಉದ್ಯಾನದಲ್ಲಿ ಇಬ್ಬರು ಪೊಲೀಸರು ನನ್ನನ್ನು ಹಿಡಿದರು. ಹೊಡೆಯಲಿಲ್ಲ. ಒಬ್ಬರು ಜೇಬಿನಿಂದ ಕಿರುಪುಸ್ತಕ ತೆಗೆದು ನನ್ನ ಹೆಸರು, ಶಾಖೆಯ ವಿಳಾಸ, ತರೀಕೆರೆಯಲ್ಲಿದ್ದ ಅಪ್ಪನ ಹೆಸರು ಬರೆದುಕೊಂಡರು. ಆಮೇಲೆ ಹನ್ನೊಂದು ತಿಂಗಳು, ಸಂಬಳವಾದ ಮರುದಿನ ಅವರು ಶಾಖೆಯ ಎದುರಿನ ಹೋಟೆಲಿನಲ್ಲಿ ಕಾಯುತ್ತಿದ್ದರು. ದುಡ್ಡು ಕೊಟ್ಟೆ. ಅದು ದೊಡ್ಡದಲ್ಲ. ‘ನಿನ್ನಂಥವರು ಇನ್ನು ಯಾರಿದ್ದಾರೆ, ಹೇಳು’ ಎಂದು ಕೇಳಿದಾಗ ಒಂದು ಹೆಸರು ಹೇಳಿಬಿಟ್ಟೆ. ಆ ಗೆಳೆಯ ಕೆಲಸ ಬಿಟ್ಟು ಊರನ್ನೇ ಬಿಟ್ಟ. ಮೂವತ್ತು ವರ್ಷ ಕಳೆದರೂ ಅವನಿಗೆ ಒಂದು ಕಾಗದ ಬರೆಯುವ ಧೈರ್ಯ ನನಗೆ ಬಂದಿಲ್ಲ.

2014ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ 8200 ಎಂಬ ಸೇನಾ ಗುಪ್ತಚರ ಘಟಕದ 43 ಮೀಸಲು ಸೈನಿಕರು ಪ್ರಧಾನಿಗೆ ಪತ್ರ ಬರೆದು, ಇಸ್ರೇಲ್ ಆಕ್ರಮಿಸಿಕೊಂಡಿರುವ ಪಶ್ಚಿಮ ದಂಡೆಯಂಥ ಪ್ಯಾಲೆಸ್ತೀನ್ ಪ್ರದೇಶಗಳ ಜನರ ಮೇಲೆ ಬೇಹುಗಾರಿಕೆ ಮಾಡುವುದಿಲ್ಲ ಎಂದು ಘೋಷಿಸಿದರು. ಯಾರಿಗೆ ಯಾವ ರೋಗವಿದೆ, ಯಾರು ಸಲಿಂಗಿ ಎಂಬುದನ್ನೂ ಕದ್ದು ಕೇಳಿ ದಾಖಲಿಸಿಕೊಳ್ಳುತ್ತಿದ್ದೆವು, ಅದನ್ನೇ ಹಿಡಿದು ಪ್ಯಾಲೆಸ್ತೀನಿಯರನ್ನು ಮಾಹಿತಿದಾರರಾಗುವಂತೆ ಒತ್ತಾಯಿಸಲಾಗುತ್ತಿತ್ತು ಎಂಬುದು ಅವರ ಸಾಕ್ಷ್ಯ. ಸೇನೆ ಒಪ್ಪಲಿಲ್ಲ. ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಿರುಪುಸ್ತಕ. ನನ್ನದು ಇಬ್ಬರು ಪೇದೆಗಳ ಕೈಗೆ ಸಿಕ್ಕ ಗುಟ್ಟು. ಪಶ್ಚಿಮ ದಂಡೆಯ ಹುಡುಗನದು ಒಂದು ಸೇನೆಯ ಕೈಯಲ್ಲಿ. ಒಲ್ಲೆ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ, ಒಪ್ಪಿದರೆ ದ್ರೋಹಿಯಾಗಿ ಸಾಯಬೇಕು. ಸಲಿಂಗಿ ಎಂದರೆ ಗೂಢಚಾರ ಎಂಬ ಸಂಶಯ ಅಲ್ಲಿನ ಬೀದಿಗಳಲ್ಲಿ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಇಂಥ ಪುಸ್ತಕ ಇಟ್ಟುಕೊಂಡವರನ್ನು ಆಸರೆ ಎಂದು ಕರೆಯಲು ನನ್ನಿಂದ ಆಗದು.

ಪ್ಯಾಲೆಸ್ತೀನಿ ಸಮಾಜ ನಮ್ಮವರಿಗೆ ಹೂವಿನ ಹಾಸಿಗೆ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ, ಆಗ ಗಾಜಾವನ್ನು ಆಳುತ್ತಿದ್ದ ಹಮಾಸ್ ತನ್ನದೇ ಕಮಾಂಡರ್ ಒಬ್ಬನನ್ನು ನೈತಿಕ ಅಪರಾಧದ ಆರೋಪ ಹೊರಿಸಿ ಕೊಂದಿತು. 2023ರ ಅಕ್ಟೋಬರ್ 7ರಂದು ಅದು ಮಾಡಿದ ಹತ್ಯೆಗಳಿಗೂ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ಇಸ್ರೇಲಿನ ಹೈಫಾದಲ್ಲಿರುವ ‘ಅಸ್ವಾತ್’ ಎಂಬ ಪ್ಯಾಲೆಸ್ತೀನಿ ಸಲಿಂಗಿ ಮಹಿಳೆಯರ ಸಂಘಟನೆ, ‘ಅಲ್ ಕೌಸ್’ ಎಂಬ ನಮ್ಮಂಥವರ ಇನ್ನೊಂದು ಸಂಘಟನೆ, ಇವು ಎರಡು ದಶಕಗಳಿಂದ ಅದೇ ಸಮಾಜದೊಳಗೆ ಕೆಲಸ ಮಾಡುತ್ತಿವೆ. (ಅರಬ್ಬಿಯಲ್ಲಿ ಕೌಸ್ ಎಂದರೆ ಬಿಲ್ಲು, ನಮ್ಮ ಕಾಮನಬಿಲ್ಲಿನಂತೆ ಅವರ ಮಳೆಬಿಲ್ಲಿನ ಹೆಸರಿನಲ್ಲೂ ಬಿಲ್ಲಿದೆ.) 2019ರ ಆಗಸ್ಟಿನಲ್ಲಿ ಪಶ್ಚಿಮ ದಂಡೆಯಲ್ಲಿ ಆಡಳಿತ ನಡೆಸುವ ಪ್ಯಾಲೆಸ್ತೀನ್ ಪ್ರಾಧಿಕಾರದ ಪೊಲೀಸರೇ ಅಲ್ ಕೌಸ್ ಮೇಲೆ ನಿಷೇಧ ಸಾರಿದರು. ತಮ್ಮ ಪೊಲೀಸರನ್ನೂ ಆಕ್ರಮಣವನ್ನೂ ಒಟ್ಟಿಗೆ ಎದುರಿಸುತ್ತಿರುವ ಇವರೇ ನಮ್ಮ ಹೆಸರಿನಲ್ಲಿ ಬಾಂಬು ಹಾಕಬೇಡಿ ಎನ್ನುತ್ತಿರುವಾಗ, ಕಟುಕ ಯಾರು ಎಂದು ತೀರ್ಮಾನಿಸಲು ನಾವು ಯಾರು?

ಇನ್ನು ಕಾನೂನಿನ ಮಾತು. ಗಾಜಾದಲ್ಲಿ ಗಂಡಸರ ನಡುವಿನ ಸಂಬಂಧವನ್ನು ಅಪರಾಧವಾಗಿಸಿದ್ದು 1936ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆ. ನಮ್ಮ 377ನೇ ಸೆಕ್ಷನ್ನಿನ ಒಡಹುಟ್ಟು ಅದು. ವಯಸ್ಕರ ಒಪ್ಪಿಗೆಯ ಸಂಬಂಧದ ಮಟ್ಟಿಗೆ ನಮ್ಮದನ್ನು ಸುಪ್ರೀಂ ಕೋರ್ಟ್ ಕಿತ್ತೊಗೆದದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಮೊದಲು ನನ್ನನ್ನು ಬಿಡಿಸುತ್ತೇನೆಂದು ಯಾರಾದರೂ ಬೆಂಗಳೂರಿನ ಮೇಲೆ ಬಾಂಬು ಹಾಕಿದ್ದರೆ, ಅವಶೇಷದಡಿ ನಾನೂ ಇರುತ್ತಿದ್ದೆ, ಆ ಗೆಳೆಯನೂ ಇರುತ್ತಿದ್ದ. 2023ರ ನವೆಂಬರಿನಲ್ಲಿ ಗಾಜಾದ ಕುಸಿದ ಕಟ್ಟಡಗಳ ಮುಂದೆ ಇಸ್ರೇಲಿ ಸೈನಿಕನೊಬ್ಬ ಕಾಮನಬಿಲ್ಲಿನ ಬಾವುಟ ಬಿಡಿಸಿ ಹಿಡಿದ ಚಿತ್ರವನ್ನು ಇಸ್ರೇಲ್ ಸರ್ಕಾರವೇ ಹಂಚಿತು. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2025ರ ಜುಲೈ ಅಂತ್ಯಕ್ಕೇ ಸತ್ತವರು 60 ಸಾವಿರಕ್ಕೂ ಹೆಚ್ಚು. ಅವರಲ್ಲಿ ನನ್ನಂಥವರೂ ಇದ್ದಾರೆ, ಯಾರಿಗೂ ಹೇಳದೆಯೇ ಹೋದವರು.

ಹೆಸರು ಬರೆದಿಡುವ ಚಟ ನಮ್ಮಲ್ಲೂ ಹೋಗಿಲ್ಲ. ಹಿಜಡಾ ಸಮುದಾಯದವರ ಹೆಸರು, ವಿಳಾಸಗಳ ದಾಖಲೆ ಇಡಲು ಪೊಲೀಸರಿಗೆ ಅಧಿಕಾರ ಕೊಡುವ 36ಎ ಎಂಬ ಸೆಕ್ಷನ್ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿತ್ತು. ಸಮುದಾಯದವರು ಕೋರ್ಟಿಗೆ ಹೋದ ಮೇಲೆಯೇ ಆ ಸೆಕ್ಷನ್ನಿನಿಂದ ಸಮುದಾಯದ ಹೆಸರನ್ನು ತೆಗೆದರು. ಆ ಹೋರಾಟದಲ್ಲಿದ್ದ ಹಿರಿಯರೊಬ್ಬರು ಒಮ್ಮೆ ನನ್ನ ಕೈ ಹಿಡಿದು ಸಭೆಗೆ ಕರೆದುಕೊಂಡು ಹೋದರು. ಪ್ಯಾಲೆಸ್ತೀನಿನ ಫಲಕ ಮೊದಲು ನನ್ನ ಕೈಗೆ ಕೊಟ್ಟವರೂ ಅವರೇ.

ದಯವಿಟ್ಟು ಊರಿನ ಹೆಸರನ್ನು ಮಾತ್ರ ಪ್ರಕಟಿಸಿ. ಅಕ್ಕ ದಿನವೂ ನಿಮ್ಮ ಪತ್ರಿಕೆಯನ್ನು ಓದುತ್ತಾಳೆ. ಅವಳಿಗೆ ನಾನಿನ್ನೂ ಹೇಳಿಲ್ಲ.

ಓದುಗ, ತರೀಕೆರೆ